ಕೆರೆಗೆ ಅಂಕ

ನನ್ನ ಅಂಕಪಟ್ಟಿಯಲ್ಲಿ ‘ನೀರು ಇದೆಯೇ?’ ಎಂಬ ಪ್ರಶ್ನೆ ಏಳನೆಯ ಕಾಲಮ್ಮಿನಲ್ಲಿತ್ತು. ಅದಕ್ಕಿಂತ ಮೊದಲು ನೆರಳು, ದೂರ, ರಸ್ತೆ, ಸೂರ್ಯಾಸ್ತ, ಐತಿಹಾಸಿಕ ಮಹತ್ವ ಮತ್ತು ಹತ್ತಿರದಲ್ಲಿ ಬಿಸಿ ಮಿರ್ಚಿ ಸಿಗುವ ಸಾಧ್ಯತೆ ಬರುತ್ತಿದ್ದವು. ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳಿ, ಬೇಸಿಗೆ ಬಂತೆಂದರೆ ಮೌಲ್ಯಮಾಪನಕ್ಕೆ ಹೋಗಿ ನಿವೃತ್ತನಾದವನಿಗೆ ಅಂಕ ಕೊಡದ ಹೊರತು ಯಾವ ವಸ್ತುವೂ ನಿಜವಾಗಿ ಇದೆ ಎಂದು ನಂಬಿಕೆ ಬರುವುದಿಲ್ಲ. ಉಪ್ಪಿಟ್ಟಿಗೂ ಕೊಟ್ಟಿದ್ದೇನೆ. ಮರುಮೌಲ್ಯಮಾಪನ ಮನೆಯಾಕೆಯ ಕೈಯಲ್ಲಿ ನಡೆದದ್ದರಿಂದ ಆ ವಿಭಾಗ ಈಗ ಮುಚ್ಚಿದೆ.

ಕೆರೆಗಳಿಗೆ ಅಂಕ ಕೊಡುವ ಪ್ರಸಂಗ ಬಂದದ್ದು, ಮೇ ತಿಂಗಳಲ್ಲಿ ರಜೆಗೆ ಬಂದು ಇಲ್ಲಿಯೂ ಡೇರೆ ಹಾಕಿ ಮೀನು ಹಿಡಿಯಬೇಕೆಂದ ಭಾಮೈದನಿಂದ. ಅವನಿರುವುದು ಅಮೆರಿಕದ ಮಿನ್ನೆಸೋಟಾದಲ್ಲಿ. ಅಲ್ಲಿನ ಕಾರುಗಳ ನಂಬರ್ ಪ್ಲೇಟಿನ ಮೇಲೆಯೇ ‘ಹತ್ತು ಸಾವಿರ ಕೆರೆಗಳು’ ಎಂದು ಬರೆದಿರುತ್ತದಂತೆ. ಲೆಕ್ಕ ಹಾಕಿದರೆ ಅದಕ್ಕೂ ಹೆಚ್ಚೇ ಇವೆಯಂತೆ. ಅಷ್ಟೊಂದು ಕೆರೆಗಳಲ್ಲಿ ಅವನು ಬೇಸಿಗೆಯುದ್ದಕ್ಕೂ ಹುಡುಕುವುದು ಮಸ್ಕಿ ಎಂಬ ಮೀನನ್ನು. (ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನ ಸಿಕ್ಕಿದ್ದು 1915ರಲ್ಲಿ ಎಂದು ನಾನು ಆರಂಭಿಸಿದ್ದೆ, ಮನೆಯಲ್ಲಿ ಯಾರೂ ಮುಂದುವರಿಸಲು ಬಿಡಲಿಲ್ಲ.) ಈ ಮೀನಿಗೆ ಅಲ್ಲಿಯವರು ‘ಹತ್ತು ಸಾವಿರ ಎಸೆತದ ಮೀನು’ ಎನ್ನುತ್ತಾರೆ. ಹತ್ತು ಸಾವಿರ ಸಲ ಗಾಳ ಎಸೆದರೆ ಒಂದು ಸಿಗುತ್ತದೆ. ಸಿಕ್ಕಿದ್ದು 54 ಇಂಚಿಗಿಂತ ಕಡಿಮೆ ಇದ್ದರೆ ಬಹುಪಾಲು ಕೆರೆಗಳಲ್ಲಿ ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಹೆಚ್ಚಿದ್ದರೂ ಭಾಮೈದನಂಥ ಭಕ್ತರು ಅಳತೆಪಟ್ಟಿಯ ಮೇಲೆ ಮಲಗಿಸಿ, ಫೋಟೊ ತೆಗೆದು, ಮತ್ತೆ ನೀರಿಗೇ ಬಿಟ್ಟು ಮನೆಗೆ ಹೋಗಿ ಬ್ರೆಡ್ಡು ತಿನ್ನುತ್ತಾರೆ.

‘ಹಿಡಿದು ಬಿಡೋದಾ?’ ಎಂದು ನಮ್ಮತ್ತೆ ಅಂದರೆ ಅವನ ತಾಯಿ ಕೇಳಿದರು. ‘ಮತ್ತೆ ಮಸಾಲೆ ಯಾರು ತಿಂತಾರ?’

ಆ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ. ಆದರೆ ಸಾಮಾನು ಬಹಳ ಇತ್ತು. ಆನೆ ಕಟ್ಟಬಹುದಾದ ದಾರ, ಅದರ ತುದಿಗೆ ಮೀನು ಕಡಿಯದಂತೆ ಉಕ್ಕಿನ ತಂತಿ, ಹಳದಿ ಹೊಟ್ಟೆ ಕೆಂಪು ಕಣ್ಣಿನ ಒಂದು ಅಡಿ ಉದ್ದದ ಮರದ ಮೀನು, ಅದರ ಹೊಟ್ಟೆಯ ಕೆಳಗೆ ಮೂರು ಮುಳ್ಳಿನ ಕೊಕ್ಕೆಗಳ ಗೊಂಚಲು. ಜೊತೆಗೆ 54 ಇಂಚಿನ ಗುರುತು ಹಾಕಿದ ಮಡಚುವ ಅಳತೆಪಟ್ಟಿ. ಪಕ್ಕದ ಮನೆಯ ಹುಡುಗ ಮರದ ಮೀನನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, ‘ಅಂಕಲ್, ಇಷ್ಟು ದೊಡ್ಡ ಮೀನು ನಿಮ್ಮ ಹತ್ರಾನೇ ಐತಲ್ಲ, ಮತ್ಯಾಕ ಹಿಡಿಯಾಕ ಹೋಗ್ತೀರಿ?’ ಎಂದ. ಇಡೀ ಯೋಜನೆಯಲ್ಲಿ ಯಾರಾದರೂ ಕೇಳಿದ ಒಂದೇ ತೂಕದ ಪ್ರಶ್ನೆ ಅದು. ಅವನಿಗೆ ಚಾಕಲೇಟು ಕೊಟ್ಟು ಕಳಿಸಿದೆವು.

ಮಸ್ಕಿ ನಮ್ಮಲ್ಲಿಲ್ಲ. ಅದರ ಜಾಗದಲ್ಲಿ ನಾನು ಸೂಚಿಸಿದ್ದು ತುಂಗಭದ್ರೆಯ ಬಾಳೆ ಮೀನು. ಉದ್ದ ಒಂದು ಮೀಟರು ದಾಟುತ್ತದೆ, ಬಾಯಿ ಕಣ್ಣಿನಾಚೆಗೂ ಹರಿದಿರುತ್ತದೆ, ಒಳಗೆ ಸಾಲು ಸಾಲು ಸಣ್ಣ ಹಲ್ಲು, ಮಿಕ್ಕ ಮೀನುಗಳನ್ನು ತಿಂದೇ ಬದುಕುತ್ತದೆ. ಬ್ರಿಟಿಷರು ಇದನ್ನು ಸಿಹಿನೀರಿನ ಶಾರ್ಕ್ ಎಂದು ಕರೆಯುತ್ತಿದ್ದರು. ಈಗ ಕಡಿಮೆಯಾಗುತ್ತಿದೆ ಎಂದು ಜಾಗತಿಕ ಪಟ್ಟಿಯಲ್ಲಿ ಅಪಾಯದ ಸಾಲಿಗೆ ಸೇರಿದೆ. ‘ಹಾಗಾದರೆ ಹಿಡಿದು ಬಿಡೋಣ’ ಎಂದು ಭಾಮೈದ ಖುಷಿಯಾದ. ಮೀನಿನ ಬಗ್ಗೆ ನಾನು ಇಷ್ಟು ಮಾತಾಡಿದ್ದನ್ನು ಕೇಳಿ ಮನೆಯಾಕೆ ಅಡುಗೆಮನೆಯಿಂದ ಇಣುಕಿ ನೋಡಿದಳು. ನನಗೂ ಮೀನಿಗೂ ಇದ್ದ ಸಂಬಂಧ ಅಲ್ಲಿಯವರೆಗೆ ತಟ್ಟೆಯ ಅಂಚಿನಿಂದ ಈಚೆಯದು.

ಅಂಕಪಟ್ಟಿಯಲ್ಲಿ ಮೊದಲ ರ‍್ಯಾಂಕು ಬಂದದ್ದು ನಮ್ಮ ಹೊಸಪೇಟೆಯದೇ ಆದ ರಾಯರ ಕೆರೆಗೆ. ಕೃಷ್ಣದೇವರಾಯ ನಾಗಲಾಪುರವನ್ನು, ಎಂದರೆ ಇಂದಿನ ಹೊಸಪೇಟೆಯನ್ನು, ಕಟ್ಟಿಸುವಾಗ ಎರಡು ಗುಡ್ಡಗಳ ನಡುವೆ ಏರಿ ಹಾಕಿಸಿದ ಕೆರೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ಕೆಲಸ ಮಾಡುತ್ತಿದ್ದುದನ್ನು ಕಂಡ. ನೆಲವೇ ಕಾಣದಂತೆ ಇರುವೆಗಳಂತೆ ಮುತ್ತಿದ್ದರು ಎಂದು ಬರೆದ. ಏರಿ ಮತ್ತೆ ಮತ್ತೆ ಒಡೆಯಿತು. ದೇವರು ಬಲಿ ಕೇಳುತ್ತಿದ್ದಾನೆ ಎಂದು ಪುರೋಹಿತರು ಹೇಳಿದರು; ಅರವತ್ತು ಜನರನ್ನೂ ಕುದುರೆ, ಕೋಣಗಳನ್ನೂ ಅಲ್ಲಿ ಕಡಿದರು ಎಂಬುದೂ ಅವನ ಬರಹದಲ್ಲೇ ಇದೆ. ಕಲ್ಲುಕೆಲಸದಲ್ಲಿ ನುರಿತ ಪೋರ್ಚುಗೀಸನೊಬ್ಬ ರಾಯನಿಗೆ ನೆರವಾದನೆಂದು ಆ ಶತಮಾನದ ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ನೂನಿಜ್ ಹೇಳುತ್ತಾನೆ. ಐತಿಹಾಸಿಕ ಮಹತ್ವಕ್ಕೆ ನಾನಿಟ್ಟಿದ್ದ 40 ಅಂಕದಲ್ಲಿ 40ನ್ನೂ ಈ ಕೆರೆ ತೆಗೆದುಕೊಂಡಿತು. ಸೂರ್ಯಾಸ್ತಕ್ಕೂ ಪೂರ್ಣಾಂಕ. ಏಳನೆಯ ಕಾಲಮ್ಮಿಗೆ ಬರುವಷ್ಟರಲ್ಲಿ ಅದು ಉಳಿದವರನ್ನು ಬಹಳ ಹಿಂದೆ ಹಾಕಿಯಾಗಿತ್ತು. ಅಲ್ಲಿ ಸೊನ್ನೆ ಬಿದ್ದರೂ ಡಿಸ್ಟಿಂಕ್ಷನ್.

ಏರಿಯ ಬಳಿ ನಿಂತು ನಾನು ಇದನ್ನೆಲ್ಲ ವಿವರಿಸುವಾಗ ಭಾಮೈದ ಕೈಯನ್ನು ಹಣೆಗೆ ಅಡ್ಡ ಹಿಡಿದು ದೂರದವರೆಗೂ ನೋಡಿದ. ಕೆರೆಯಂಗಳದಲ್ಲಿ ಹೊಲಗಳಿದ್ದವು. ಯಾರೋ ಟ್ರ್ಯಾಕ್ಟರ್ ಹೊಡೆಯುತ್ತಿದ್ದರು.

‘ಭಾವ, ನೀರು?’

‘ಅದು ಹದಿನಾರನೆಯ ಶತಮಾನದಲ್ಲಿ’ ಎಂದೆ.

ಆಮೇಲೆ ನೀರಿನ ಕಾಲಮ್ಮನ್ನು ಮುಂದಕ್ಕೆ ತರಬೇಕೆಂದು ಅವನು ಹಟ ಹಿಡಿದ. ಕಮಲಾಪುರ ಕೆರೆ ಮೇಲೆ ಬಂತು. ವಿಜಯನಗರದ ಕಾಲದ್ದು, ರಾಯ ಕಾಲುವೆಯಿಂದ ಇಂದಿಗೂ ನೀರು ಪಡೆಯುತ್ತದೆ, ಹೊಲಗಳಿಗೆ ಕೊಡುತ್ತದೆ, ಹಕ್ಕಿಗಳಿಗೂ ಪ್ರಿಯ. ಆದರೆ ಹಂಪಿ 1986ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಆ ಸುತ್ತಿನಲ್ಲಿ ಮನೆಗೆ ಶೌಚಾಲಯ ಕಟ್ಟಿಸಬೇಕಾದವನೂ ಹತ್ತು ಸಲ ಯೋಚಿಸುತ್ತಾನೆ. ಡೇರೆಗೆ ಗೂಟ ಹೊಡೆದರೆ ಕಲ್ಲು ತಾಗುತ್ತದೆ, ಕಲ್ಲಿನ ಮೇಲೆ ಶಾಸನ ಇರುತ್ತದೆ, ಶಾಸನದ ಹಿಂದೆ ಇಲಾಖೆ ಬರುತ್ತದೆ. ಶಾಸನ ಸಿಕ್ಕರೆ ಓದಬಹುದಲ್ಲ ಎಂಬ ಆಸೆಯಿಂದ ನಾನು ಎರಡು ಅಂಕ ಹೆಚ್ಚೇ ಕೊಟ್ಟಿದ್ದೆ. ಭಾಮೈದ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ.

ದರೋಜಿ ಕೆರೆ ವಿಸ್ತಾರವಾಗಿದೆ, ಮೀನೂ ಉಂಟು. ಪಕ್ಕದಲ್ಲೇ 1994ರಲ್ಲಿ ಘೋಷಿಸಿದ ಕರಡಿಧಾಮವೂ ಉಂಟು. ಅಲ್ಲಿ ಸಂಜೆ ಹೊತ್ತು ಬಂಡೆಗಳ ಮೇಲೆ ಬೆಲ್ಲದ ಪಾಕ ಸವರಿ ಇಡುತ್ತಾರೆ, ಕರಡಿಗಳು ಬಂದು ನೆಕ್ಕುವುದನ್ನು ಪ್ರವಾಸಿಗರು ಗೋಪುರದಿಂದ ನೋಡುತ್ತಾರೆ. ನಮ್ಮ ಬುತ್ತಿಗೆ ಮನೆಯಾಕೆ ಕಟ್ಟುತ್ತಿದ್ದದ್ದು ಶೇಂಗಾ ಹೋಳಿಗೆ ಮತ್ತು ಎಳ್ಳುಂಡೆ. ಎರಡೂ ಮೆನುಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ದರೋಜಿಯ ಹೆಸರನ್ನು ಯಾರೂ ಎತ್ತಲಿಲ್ಲ.

ಸಂಡೂರಿನ ನಾರಿಹಳ್ಳ ಜಲಾಶಯವನ್ನು ನೋಡಿಕೊಂಡೇ ಬಂದೆವು. ಗುಡ್ಡಗಳ ನಡುವೆ ಚಂದದ ನೀರು. 1934ರಲ್ಲಿ ಬಂದಿದ್ದ ಗಾಂಧೀಜಿ, ಸಂಡೂರನ್ನು ನೋಡುವುದಾದರೆ ಸೆಪ್ಟೆಂಬರಿನಲ್ಲಿ ನೋಡಿ ಎಂದಿದ್ದರೆಂದು ಅಲ್ಲಿಯವರು ಈಗಲೂ ಹೇಳುತ್ತಾರೆ. ಮೇ ತಿಂಗಳ ಬಗ್ಗೆ ಮಹಾತ್ಮರು ಮೌನವಾಗಿದ್ದುದು ಯಾಕೆಂದು ಹೋದ ಮೇಲೆ ತಿಳಿಯಿತು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಳನ್ನು ನಿಲ್ಲಿಸಿದ್ದು, ಆಮೇಲೆ ನಿಯಮ ಹಾಕಿ ಬಿಟ್ಟದ್ದು ಎಲ್ಲ ಸರಿ. ಅದಿರಿನ ಲಾರಿಗಳ ಹಿಂದೆ ಕಿಟಕಿ ತೆರೆದು ಹೋದ ಭಾಮೈದ ಬಿಳಿ ಅಂಗಿಯಲ್ಲಿ ಹೊರಟು ಕಾವಿಯಲ್ಲಿ ಮರಳಿದ. ಅವನನ್ನು ನೋಡಿ ಅತ್ತೆ ಕೈ ಮುಗಿಯುವುದೊಂದು ಬಾಕಿ. ಊರಿಗೆ ಕುಡಿಯಲು ಹೋಗುವ ನೀರಿನಲ್ಲಿ ಗಾಳ ಆಡಿಸುವುದು ಬೇಡವೆಂದು ಅದನ್ನೂ ಬಿಟ್ಟೆವು.

ನದಿಯಾಚೆ, ಆನೆಗೊಂದಿ ಕಡೆಯ ಸಾಣಾಪುರ ಕೆರೆಯಲ್ಲಿ ಹರಿಗೋಲು ಸವಾರಿ ಪ್ರಸಿದ್ಧ, ಮೊಸಳೆ ಇದೆಯೆಂಬ ಎಚ್ಚರಿಕೆ ಫಲಕವೂ ಅಷ್ಟೇ ಪ್ರಸಿದ್ಧ. ಫಲಕ ಓದಿ ಹೊರಟೆವು. ಕಂಪ್ಲಿಯ ನದಿದಂಡೆ ನನಗೆ ಬಹಳ ಹಿಡಿಸಿತ್ತು. ಕೋಟೆಯೂ ಇದೆ, ಅಂಕಕ್ಕೆ ಕೊರತೆಯಿಲ್ಲ. ಆದರೆ ತುಂಗಭದ್ರಾ ಅಣೆಕಟ್ಟೆಯ ಬಳಿಯ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗೆ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿಗಳಿಗೆಂದು ಮೀಸಲಿಟ್ಟಿದ್ದಾರೆ, ದೇಶದಲ್ಲೇ ಅಂಥ ಮೊದಲ ಸಂರಕ್ಷಿತ ಪ್ರದೇಶ. ‘ಅವು ದಿನಾ ಊಟಕ್ಕೆ ಹಿಡೀತಾವೆ, ನಾವು ಫೋಟೊಗೆ ಹಿಡಿಯೋದು. ಸ್ಪರ್ಧೆ ಸರಿಯಲ್ಲ’ ಎಂದ ಭಾಮೈದ. ಅಮೆರಿಕಕ್ಕೆ ಹೋದವರಿಗೆ ಕೆಲವು ಸಲ ಹೀಗೆ ಒಳ್ಳೆಯ ಬುದ್ಧಿ ಬಂದು ನಮಗೆ ತೊಂದರೆಯಾಗುತ್ತದೆ.

ಉಳಿದದ್ದು ತುಂಗಭದ್ರಾ ಜಲಾಶಯದ ಹಿನ್ನೀರು. 1945ರಲ್ಲಿ ಒಂದು ದಂಡೆಯಲ್ಲಿ ಹೈದರಾಬಾದಿನವರೂ ಇನ್ನೊಂದರಲ್ಲಿ ಮದರಾಸಿನವರೂ ಅಡಿಗಲ್ಲು ಹಾಕಿ, 1953ಕ್ಕೆ ಮುಗಿಸಿದ, 33 ಗೇಟುಗಳ ಅಣೆಕಟ್ಟೆ. ತುಂಬಿದರೆ 378 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ಮೊದಲು 133 ಟಿಎಂಸಿ ಹಿಡಿಸುತ್ತಿದ್ದದ್ದು ಹೂಳು ಕುಳಿತು ಈಗ 106ಕ್ಕಿಂತ ಸ್ವಲ್ಪ ಕಡಿಮೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದಾಗ ಊರೆಲ್ಲ ನಿದ್ದೆಗೆಟ್ಟು ಟಿಎಂಸಿ ಲೆಕ್ಕ ಹಾಕಿದ್ದೆವು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದ ಕನ್ನಯ್ಯ ನಾಯ್ಡು ಅವರಿಗೆ ಹೊಸಪೇಟೆಯಲ್ಲಿ ಆ ವಾರ ಸಿನಿಮಾ ನಟರಿಗೂ ಇಲ್ಲದ ಮರ್ಯಾದೆ. ಇಂಥ ಜಲಾಶಯಕ್ಕೆ ಏಳನೆಯ ಕಾಲಮ್ಮಿನಲ್ಲಿ ಯಾರು ಕಡಿಮೆ ಕೊಟ್ಟಾರು? ಮೇ ಕೊನೆಯಲ್ಲಿ ಅದರ ಸ್ಥಿತಿ ಏನಿರುತ್ತದೆ ಎಂಬುದಕ್ಕೆ ಬೇರೆ ಕಾಲಮ್ಮು ಇರಲಿಲ್ಲ.

ಅನುಮತಿ ಕೇಳಲು ಒಂದು ಕಚೇರಿಗೆ ಹೋದೆ. ನೀರಿಗೆ ಒಂದು ಟೇಬಲ್ಲು, ಮೀನಿಗೆ ಒಂದು, ನೆಲಕ್ಕೆ ಇನ್ನೊಂದು. ‘ಹಿಡಿದು ಬಿಡುವ ಮೀನು’ ಯಾವ ಟೇಬಲ್ಲಿಗೂ ಸೇರಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಲೈಸೆನ್ಸು ಇರುವ ಒಬ್ಬ ಮೀನುಗಾರ. ಅವನ ಮಗ ನನ್ನ ಶಿಷ್ಯ, ಇತಿಹಾಸದಲ್ಲಿ 35 ತೆಗೆದು ಪಾಸಾದವನು. ‘ನನ್ನ ಬಲೆ ಇರೋ ಕಡೆ ಬಂದು ಗಾಳ ಹಾಕ್ಕೊಳ್ರಿ ಮೇಷ್ಟ್ರೇ. ಆದ್ರ ಮಾತು ಮಾತೇ. ಅಂಗಳದಾಗ ನಿಮ್ಮ ಗಾಳಕ್ಕ ಏನು ಸಿಕ್ಕರೂ ಅದು ನಂದು.’ ಭಾಮೈದ ಕೈ ಕುಲುಕಿದ. ಹೇಗೂ ಬಿಡುವ ಮೀನು, ಅದು ಯಾರದಾದರೇನು?

ಮರಿಯಮ್ಮನಹಳ್ಳಿ ಕಡೆಯ ಹಿನ್ನೀರಿಗೆ ಹೋದೆವು. ಅಣೆಕಟ್ಟೆ ತುಂಬಿದಾಗ ಮುಳುಗಿದ ಊರುಗಳಲ್ಲಿ ಒಂದರ ಹೆಸರು ನಾರಾಯಣದೇವರ ಕೆರೆ. ಹೆಸರಿನಲ್ಲೇ ಕೆರೆ ಇದ್ದ ಊರನ್ನು ಅದಕ್ಕಿಂತ ದೊಡ್ಡ ಕೆರೆ ನುಂಗಿತು, ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಇದನ್ನು ಹೇಳಿ ಮುಗಿಸುವಾಗ ದಂಡೆ ಬಂತು. ನೀರು ಬಂದಿರಲಿಲ್ಲ. ಬಿರುಕು ಬಿಟ್ಟ ಮಣ್ಣಿನಾಚೆ, ಬಹಳ ದೂರದಲ್ಲಿ, ಒಂದು ಬೆಳ್ಳಿಗೆರೆ ಹೊಳೆಯುತ್ತಿತ್ತು.

ದಂಡೆಗೆ ಹೊಂದಿದ ಖಾಲಿ ಹೊಲವೊಂದರಲ್ಲಿ ಡೇರೆ ಹಾಕಿದೆವು. ಮಿನ್ನೆಸೋಟಾದ ಚಳಿಗೆ ಮಾಡಿದ ಡೇರೆ. ಒಳಗಿನ ಶಾಖ ಹೊರಗೆ ಹೋಗದಂತೆ ಎರಡು ಪದರ. ನಮ್ಮ ಕಡೆಯ ಮೇ ತಿಂಗಳ ಮಧ್ಯಾಹ್ನ ಅದರೊಳಗೆ ಇಟ್ಟ ಶೇಂಗಾ ಸಂಜೆಗೆ ಹುರಿದಿತ್ತು. ಮೈನಸ್ ಹತ್ತು ಡಿಗ್ರಿಯಲ್ಲೂ ಬೆಚ್ಚಗಿಡುವ ಮಲಗುಚೀಲವನ್ನು ಭಾಮೈದ ಬಿಚ್ಚಿ ತೋರಿಸಿದ. ನಾವಿಬ್ಬರೂ ಅದನ್ನು ಸ್ವಲ್ಪ ಹೊತ್ತು ನೋಡಿ ಮತ್ತೆ ಸುತ್ತಿಟ್ಟೆವು.

ಬಿಸಿಲು ಇಳಿದ ಮೇಲೆ ನೀರಿನಂಚಿಗೆ ನಡೆದೆವು. ಮಸ್ಕಿ ಶಾಸ್ತ್ರದಲ್ಲಿ ಒಂದು ನಿಯಮವಿದೆ. ಆ ಮೀನು ಗಾಳವನ್ನು ಹಿಂಬಾಲಿಸಿ ದೋಣಿಯವರೆಗೂ ಬಂದು ಸುಮ್ಮನೆ ನೋಡುತ್ತ ನಿಲ್ಲುವುದರಿಂದ, ಕೊನೆಯಲ್ಲಿ ಕೋಲನ್ನು ನೀರಿನಲ್ಲಿ ಅದ್ದಿ ಎಂಟರ ಅಂಕಿ ಬರೆಯಬೇಕು. ಭಾಮೈದ ಬರೆದು ತೋರಿಸಿದ. ನಾನು ಅಭ್ಯಾಸಬಲದಿಂದ ಕನ್ನಡದ ೮ ಬರೆದೆ. ಅದರಲ್ಲಿ ಸುತ್ತೇ ಇಲ್ಲ, ಮೀನು ನೇರ ಹೊರಗೆ ಹೋಗುತ್ತದೆ ಎಂದು ಅವನು ಕೋಲು ಕಿತ್ತುಕೊಂಡ. ಕಿತ್ತುಕೊಂಡವನು ಸಿಟ್ಟಿನಲ್ಲಿ, ಹಿಂದೆ ನೋಡದೆ, ಒಂದು ಅಡಿ ಉದ್ದದ ಆ ಮರದ ಮೀನನ್ನು ಹೆಗಲ ಮೇಲಿಂದ ಬೀಸಿದ.

ಮೀನು ಮುಂದಕ್ಕೆ ಬರಲಿಲ್ಲ. ಹಿಂದೆಯೇ ಎಲ್ಲೋ ನಿಂತಿತು. ಆಮೇಲೆ ರೀಲು ಕಿರುಚತೊಡಗಿತು.

‘ಸಿಕ್ತು!’ ಎಂದು ಭಾಮೈದ ಕೂಗಿದ. ಎಷ್ಟೋ ಬೇಸಿಗೆಗಳ ತಪಸ್ಸು ಆ ಕೂಗಿನಲ್ಲಿತ್ತು. ದಾರ ನೀರಿಗೆ ವಿರುದ್ಧ ದಿಕ್ಕಿನಲ್ಲಿ, ದಂಡೆಯ ಕಡೆಗೆ ಓಡುತ್ತಿದೆ ಎಂಬುದನ್ನು ಗಮನಿಸುವಷ್ಟು ತಾಳ್ಮೆ ಇಬ್ಬರಿಗೂ ಇರಲಿಲ್ಲ. ನೀರು ಕುಡಿಯಲು ಇಳಿದು ಬಂದ ಮಂದೆಯೊಂದು ನಮ್ಮ ಬೆನ್ನ ಹಿಂದೆಯೇ ನಿಂತಿತ್ತು. ಅದರ ಮುಂದಾಳು ಟಗರಿನ ಬೆನ್ನಿನ ಉಣ್ಣೆಯಲ್ಲಿ ಹಳದಿ ಹೊಟ್ಟೆಯ ಮೀನು ಒಂಬತ್ತೂ ಮುಳ್ಳು ಊರಿ ಸವಾರಿ ಕೂತಿತ್ತು. ಟಗರಿಗೆ ನೋವಾಗಿರಲಿಲ್ಲ, ಅವಮಾನವಾಗಿತ್ತು. ಅದು ಓಡಿತು. ಆನೆ ಕಟ್ಟುವ ದಾರ ಹರಿಯಲಿಲ್ಲ. ಭಾಮೈದ ಕೋಲು ಬಿಡಲಿಲ್ಲ. ‘ಅದನ್ನ ದಣಿಸಬೇಕು ಭಾವ, ದಣಿಸಬೇಕು’ ಎನ್ನುತ್ತ ಮೊದಲು ಕಾಲಿನ ಮೇಲೆ, ಆಮೇಲೆ ಮೊಣಕಾಲಿನ ಮೇಲೆ, ಆಮೇಲೆ ಹೊಟ್ಟೆಯ ಮೇಲೆ ಜಲಾಶಯದ ಅಂಗಳವನ್ನು ದಾಟಿದ. ನಾನು ಅವನ ಚಪ್ಪಲಿಗಳನ್ನು ಹೆಕ್ಕಿಕೊಂಡು ಹಿಂದೆ ಓಡಿದೆ. ದಣಿದದ್ದು ಯಾರು ಎಂಬುದರ ಬಗ್ಗೆ ವಾದ ಇನ್ನೂ ನಡೆದಿದೆ.

ಕುರಿಗಾಹಿ ಹೆಗಲ ಕಂಬಳಿ ಸರಿಪಡಿಸಿಕೊಂಡು ನಿಧಾನವಾಗಿ ಬಂದ. ‘ಅಲ್ರೀ ಸರ, ಮೀನು ಹಿಡಿಯಾಕ ಬಂದು ಟಗರು ಹಿಡದೀರಲ್ರೀ’ ಎಂದಷ್ಟೇ ಹೇಳಿ, ಟಗರಿನ ಕೊರಳು ತಬ್ಬಿ ನಿಲ್ಲಿಸಿ, ಉಣ್ಣೆ ಕತ್ತರಿಸುವ ಕತ್ತರಿಯಿಂದ ಒಂದೊಂದೇ ಮುಳ್ಳು ಬಿಡಿಸಿದ. ಭಾಮೈದ ಬಿಟ್ಟುಬಿಡುವ ಮೊದಲು ಫೋಟೊ ತೆಗೆಯಲೇಬೇಕೆಂದ. ತೆಗೆದೆ. ಮಿನ್ನೆಸೋಟಾದ ಗೆಳೆಯರಿಗೆ ಅಲ್ಲಿಂದಲೇ ವಿಡಿಯೊ ಕರೆ ಹೋಯಿತು. ಅವರಿಗೆ ತೂಕ ಬೇಕಂತೆ. ‘ಕೆಜಿ ಲೆಕ್ಕದಾಗ ಕೊಡಂಗಿಲ್ಲ ಅಂತ ಹೇಳ್ರಿ’ ಎಂದ ಕುರಿಗಾಹಿ. ‘ಬಕ್ರೀದಿಗೆ ಬಂದು ಕಣ್ಣಿಲೆ ನೋಡಿ ಮಾತಾಡ್ಲಿ.’

ಆಮೇಲೆ ಡೇರೆ ಎಲ್ಲಿ ಹಾಕಿದ್ದೀರಿ ಎಂದು ಕೇಳಿದ. ತೋರಿಸಿದೆ. ಅವನು ಗಡ್ಡ ಕೆರೆದುಕೊಂಡ. ಆ ಹೊಲದವನು ಮಳೆಗಾಲಕ್ಕೆ ಮುಂಚೆ ಗೊಬ್ಬರಕ್ಕೆಂದು ಆ ರಾತ್ರಿ ಇವನ ಮಂದೆಯನ್ನೇ ಅಲ್ಲಿ ಕೂಡಿಸಲು ಮಾತಾಡಿದ್ದ.

ಕತ್ತಲಾಗುವಷ್ಟರಲ್ಲಿ ನೂರಾರು ಕುರಿಗಳು ಡೇರೆಯ ನಾಲ್ಕು ಕಡೆ ಒತ್ತಿಕೊಂಡು ಕುಳಿತವು. ಎರಡು ಪದರದ ಬಟ್ಟೆಯಾಚೆ ರಾತ್ರಿಯಿಡೀ ಮೆಲುಕು, ಕೆಮ್ಮು, ಸೀನು. ಒಂದು ಮಾತ್ರ ಆಗಾಗ ಎದ್ದು ಬಂದು ಭಾಮೈದ ಮಲಗಿದ್ದ ಮೂಲೆಯನ್ನೇ ಹುಡುಕಿ ಗುಮ್ಮುತ್ತಿತ್ತು. ಅದು ಯಾವುದೆಂದು ಕೇಳುವ ಅಗತ್ಯವಿರಲಿಲ್ಲ.

ಬೆಳಿಗ್ಗೆ ಮೀನುಗಾರ ಹರಿಗೋಲು ಹೊತ್ತು ಬಂದ. ಬುಟ್ಟಿಯಲ್ಲಿ ಜಿಲೇಬಿ ಮೀನು ಬಹಳ, ಬಾಳೆ ಒಂದೇ, ಅದೂ ಮೊಳದುದ್ದ. ನಮಗೇನು ಸಿಕ್ಕಿತೆಂದು ವಿಚಾರಿಸಿದ. ಭಾಮೈದ ಫೋಟೊ ತೋರಿಸಿದ. ಮೀನುಗಾರ ಫೋಟೊ ನೋಡಿ, ಟಗರು ನೋಡಿ, ಬುಟ್ಟಿ ಕೆಳಗಿಟ್ಟ. ‘ಮೇಷ್ಟ್ರೇ, ಮಾತಾಗೈತಲ್ಲ. ಅಂಗಳದಾಗ ಗಾಳಕ್ಕ ಸಿಕ್ಕಿದ್ದು ನಂದು.’

‘ಏ, ಯಾರ್ದು ನಿಂದು? ಈಜತೈತೇನು ಇದು?’ ಎಂದು ಕುರಿಗಾಹಿ ಎದ್ದ.

ತೀರ್ಪು ಕೊಡಲು ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಪಾಯಸ್‌ನಿಂದ ಆರಂಭಿಸಿದೆ. ಇಬ್ಬರೂ ಆಸಕ್ತಿ ಕಳೆದುಕೊಂಡು ತಮ್ಮಷ್ಟಕ್ಕೆ ರಾಜಿಯಾದರು: ಮರದ ಮೀನಿನ ಕೊಕ್ಕೆಗಳು ಮೀನುಗಾರನಿಗೆ, ಮರದ ಮೀನು ದೃಷ್ಟಿ ತಾಗದಂತೆ ಟಗರಿನ ಕೊರಳಿಗೆ. ಭಾಮೈದ ಅದರ ಬೆಲೆ ಡಾಲರಿನಲ್ಲಿ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ.

ಹೊರಡುವಾಗ ಕುರಿಗಾಹಿ ಇನ್ನೊಂದು ಮಾತಿದೆ ಎಂದ. ಡೇರೆ ಎತ್ತಿದ ಜಾಗವನ್ನು ತೋರಿಸಿದ. ಇಡೀ ಹೊಲ ಹಿಕ್ಕೆಯಿಂದ ಕಪ್ಪಾಗಿತ್ತು. ನಾವು ಮಲಗಿದ್ದಷ್ಟು ಚೌಕ ಮಾತ್ರ ಬೋಳು. ಹೊಲದವನು ಅಷ್ಟಕ್ಕೆ ದುಡ್ಡು ಹಿಡಿದುಕೊಳ್ಳುತ್ತಾನೆ, ಅದನ್ನು ನೀವೇ ತುಂಬಿಕೊಡಬೇಕು. ನ್ಯಾಯದ ಮಾತು. ಎಷ್ಟು ಜಾಗವೆಂದು ಅಳೆಯಬೇಕಾಯಿತು. ಭಾಮೈದ ಚೀಲದಿಂದ 54 ಇಂಚಿನ ಪಟ್ಟಿ ತೆಗೆದು ಬಿಚ್ಚಿ, ಹಿಕ್ಕೆಗಳ ನಡುವೆ ಮೊಣಕಾಲೂರಿ ಕುಳಿತ. ಉದ್ದ ಎರಡು ಮಸ್ಕಿ, ಅಗಲ ಒಂದೂವರೆ ಮಸ್ಕಿ ಬಂತು. ನಾನು ಬರೆದುಕೊಂಡೆ. ಮೂರು ಮಸ್ಕಿಗೆ ಏನು ದರ ಎಂದು ಚೌಕಾಸಿ ಶುರುವಾಯಿತು.